ನಾಯಿ ಕಚ್ಚಿ ಕೆಲಸ ತಪ್ಪಿತೇ? ಹೋದ ಸಂಪಾದನೆ ವಾಪಸ್ ಪಡೆಯುವ ದಾರಿ

ಹತ್ತೊಂಬತ್ತು ವರ್ಷ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಸಂಜೆ ಹಾಜರಿ ಬರೆಯುವುದು, ಕುಯ್ಲಿನ ಕಾಲದಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ತೂಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು. ಈಗ ಚಿಕ್ಕಮಗಳೂರು ಪೇಟೆಯಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ನಾಯಿ ಕಚ್ಚಿಸಿಕೊಂಡವರು ಬಂದರೆ ಮೊದಲು ಕೇಳುವುದು "ಎಷ್ಟು ಸಿಗುತ್ತೆ ಸಾರ್?" ಅಂತ. ನಾನು ತಿರುಗಿ ಕೇಳುವುದು "ಏನೇನು ಚೀಟಿ ಇಟ್ಟಿದ್ದೀರಿ?" ಅಂತ. ಮುಕ್ಕಾಲು ಪಾಲು ಜನ ತಲೆ ಕೆರೆದುಕೊಳ್ಳುತ್ತಾರೆ.

ನಾನೂ ತಲೆ ಕೆರೆದುಕೊಂಡವನೇ. ಕೆಲವು ವರ್ಷಗಳ ಹಿಂದೆ ಒಂದು ಹೋಂಸ್ಟೇ ನಾಯಿ ಮೊಪೆಡ್ ಹಿಂದೆ ಓಡಿ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಹದಿನಾರು ದಿನ ಗಾಡಿ ಒದೆಯಲು ಆಗಲಿಲ್ಲ. ಊರಿನವರ ಹಾಜರಿಯೆಲ್ಲ ಬರೆದವನು ನನ್ನ ಹದಿನಾರು ದಿನವನ್ನು ಎಲ್ಲೂ ಬರೆದಿಡಲಿಲ್ಲ. ಕೊನೆಗೆ ಕೈಗೆ ಬಂದದ್ದು 2,000 ರೂಪಾಯಿ, ಜೊತೆಗೆ ಒಂದು ಕೆಜಿ ಕಾಫಿ ಪುಡಿ. ಪುಡಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮೊದಲ ಹೆಜ್ಜೆ: ಗಾಯ ತೊಳೆಯಿರಿ, ಆಸ್ಪತ್ರೆಯಲ್ಲಿ ಸರಿಯಾಗಿ ಬರೆಸಿ

ದುಡ್ಡಿನ ಮಾತು ಆಮೇಲೆ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚರ್ಮದೊಳಗೆ ಕೊಡುವ ಪದ್ಧತಿಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಟ್ಟರೆ 14ನೇ ದಿನವೂ ಸೇರಿ ಐದು ಸಲ. ಹಲ್ಲು ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯದ ಸೂಜಿ) ಕೂಡ ಬೇಕು. "ನಮ್ಮ ನಾಯಿಗೆ ಇಂಜೆಕ್ಷನ್ ಹಾಕಿಸಿದೀವಿ, ಏನೂ ಆಗಲ್ಲ" ಅಂತ ಮಾಲೀಕರು ಹೇಳಿದರೆ ತಲೆ ಆಡಿಸಿ, ಆದರೆ ಸೂಜಿ ಬಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ನಾಳೆ ಎದುರು ಪಕ್ಷದವರು "ಗಾಯ ಜಾಸ್ತಿ ಮಾಡಿಕೊಂಡಿದ್ದು ಇವರೇ" ಅನ್ನುತ್ತಾರೆ. ಅದು ಬೇರೆ ತಲೆನೋವು.

ಈಗ ಚೀಟಿಯ ವಿಷಯ. ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇರಲಿ, ಹಾಸನದ ಹಿಮ್ಸ್ ಇರಲಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಇರಲಿ, ಡಾಕ್ಟರ್ ಮುಂದೆ ಮೂರು ವಿಷಯ ಬಾಯಿಬಿಟ್ಟು ಹೇಳಿ: ಎಷ್ಟು ಹೊತ್ತಿಗೆ ಕಚ್ಚಿತು, ಎಲ್ಲಿ ಕಚ್ಚಿತು, ಯಾರ ನಾಯಿ. ಹೊರರೋಗಿ ಚೀಟಿಯಲ್ಲಿ ಅದು ಬರಬೇಕು. ಬರೀ "ನಾಯಿ ಕಡಿತ" ಅಂತಿದ್ದರೆ ಆರು ತಿಂಗಳ ಮೇಲೆ ಆ ನಾಯಿ ಯಾರದ್ದೂ ಆಗಿರುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದೇ ಇಲ್ಲ. "ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕೆಲಸ ಮಾಡುವಂತಿಲ್ಲ" ಅಂತ ಬರೆದುಕೊಡಲು ಕೇಳಿ. ಡಾಕ್ಟರ್ ಬಾಯಲ್ಲಿ "ರೆಸ್ಟ್ ಮಾಡಪ್ಪ" ಅಂದರೆ ಅದಕ್ಕೆ ಬೆಲೆಯಿಲ್ಲ. ಗಾಯ ಮಾಯದಿದ್ದರೆ ಅವಧಿ ಮುಂದುವರಿಸಿ ಇನ್ನೊಂದು ಚೀಟಿ ಪಡೆಯಿರಿ. ಕೆಲಸಕ್ಕೆ ಮರಳುವ ಮುನ್ನ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಿ. ಈ ಎರಡು ಕಾಗದದ ನಡುವೆ ಇರುವ ದಿನಗಳೇ ನಿಮ್ಮ ನಷ್ಟದ ಅಳತೆ.

ಎರಡನೇ ಹೆಜ್ಜೆ: ನಾಯಿ ಯಾರದ್ದು ಅನ್ನುವುದು ಗಟ್ಟಿ ಮಾಡಿಕೊಳ್ಳಿ

ಸಾಕುನಾಯಿ, ಬೀದಿನಾಯಿ, ಕೆಲಸದ ಜಾಗದ ನಾಯಿ. ಮೂರಕ್ಕೂ ದಾರಿ ಬೇರೆ ಬೇರೆ. ಗಾಯದ ಫೋಟೋ, ಜಾಗದ ಫೋಟೋ, ಸಾಧ್ಯವಾದರೆ ನಾಯಿಯದ್ದೂ ತೆಗೆಯಿರಿ. ಹರಿದ ಪ್ಯಾಂಟು ಬಿಸಾಡಬೇಡಿ. ಎದುರು ಅಂಗಡಿಯ ಸಿಸಿಟಿವಿ ಇದ್ದರೆ ಮರುದಿನವೇ ಹೋಗಿ ಕೇಳಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಅಳಿಸಿಹೋಗುತ್ತದೆ.

ಸಾಕುನಾಯಿಯಾದರೆ ಅದು ಮೊದಲು ಯಾರಿಗಾದರೂ ಕಚ್ಚಿತ್ತಾ ಅಂತ ವಿಚಾರಿಸಿ. ಹಾಲು ಹಾಕುವವರು, ಪೇಪರ್ ಹುಡುಗ, ಮೀಟರ್ ಓದುವವರು, ಇವರಿಗೆ ಊರಿನ ಎಲ್ಲ ನಾಯಿಗಳ ಜಾತಕ ಗೊತ್ತಿರುತ್ತದೆ. ಕಚ್ಚುವ ಬುದ್ಧಿ ಇದೆ ಅಂತ ತಿಳಿದೂ ಮಾಲೀಕರು ಬಿಟ್ಟಿದ್ದರು ಅಂತ ತೋರಿಸಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. "ನಾಯಿ ಇದೆ ಎಚ್ಚರಿಕೆ" ಬೋರ್ಡ್ ಗೇಟಿನೊಳಗೆ ಸ್ವಲ್ಪ ಮಟ್ಟಿಗೆ ಅವರ ಕೈ ಹಿಡಿಯಬಹುದು. ನಾಯಿ ರಸ್ತೆಗೆ ಬಂದು ಕಚ್ಚಿದರೆ ಆ ಬೋರ್ಡ್ ಏನು ಮಾಡುತ್ತೆ? ಇತ್ತ ಕಡೆ ನೀವು ಕಲ್ಲು ಹೊಡೆದಿದ್ದರೆ, ಕೂಗದೆ ಅಂಗಳಕ್ಕೆ ನುಗ್ಗಿದ್ದರೆ, ಪರಿಹಾರದಲ್ಲಿ ನಿಮ್ಮ ತಪ್ಪಿನ ಪಾಲು ಕಳೆಯುತ್ತಾರೆ.

ಮೂರನೇ ಹೆಜ್ಜೆ: ಪೊಲೀಸ್ ದೂರು

ನೆರೆಯವರ ಮೇಲೆ ದೂರಾ ಅಂತ ಹಿಂಜರಿಯುವವರೇ ಜಾಸ್ತಿ. ನನ್ನ ಪ್ರಕಾರ ಗಾಯ ದೊಡ್ಡದಾಗಿದ್ದರೆ ಹಿಂಜರಿಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕುಪ್ರಾಣಿಯಿಂದ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೇರೆಯವರ ಜೀವಕ್ಕೆ ಅಪಾಯ ತರುವ ನಿರ್ಲಕ್ಷ್ಯಕ್ಕೆ 125ನೇ ಕಲಂ ಇದೆ.

ಕೆಲಸ ತಪ್ಪಿದವರಿಗೆ ಮುಖ್ಯವಾದದ್ದು 116ನೇ ಕಲಂ. 15 ದಿನ ಮಾಮೂಲಿ ಕೆಲಸಕಾರ್ಯ ಮಾಡಿಕೊಳ್ಳಲು ಆಗದಂಥ ಗಾಯವನ್ನು ಕಾನೂನು 'ತೀವ್ರ ಗಾಯ' ಅಂತ ಎಣಿಸುತ್ತದೆ. ಹಳೆಯ ಕಾನೂನಲ್ಲಿ ಇದು 20 ದಿನ ಇತ್ತು. ಡಾಕ್ಟರ್ ಚೀಟಿಯಲ್ಲಿ ತಾರೀಖು ಬರೆಸಿ ಅಂದಿದ್ದು ಇದಕ್ಕೂ ಬೇಕು.

ಪೊಲೀಸರು ನಿಮ್ಮ ಕೂಲಿ ವಸೂಲಿ ಮಾಡಿಕೊಡುವುದಿಲ್ಲ, ಅದು ಅವರ ಕೆಲಸ ಅಲ್ಲ. ಆದರೆ ಘಟನೆ ನಡೆದಿದೆ ಅನ್ನುವುದಕ್ಕೆ ಸರ್ಕಾರಿ ಕಾಗದ ಹುಟ್ಟುತ್ತದೆ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗುತ್ತದೆ. ಎಫ್‌ಐಆರ್ ಆಗದಿದ್ದರೂ ದೂರಿನ ಸ್ವೀಕೃತಿ ಇಲ್ಲದೆ ಠಾಣೆಯಿಂದ ಹೊರಗೆ ಬರಬೇಡಿ.

ನಾಲ್ಕನೇ ಹೆಜ್ಜೆ: ಲೆಕ್ಕ ಬರೆಯುವುದು

ಸಂಬಳದವರ ಲೆಕ್ಕ ಸುಲಭ. ಮೂರು ತಿಂಗಳ ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಹಾಕಿದ ದಾಖಲೆ ಸಾಕು. ಸಂಬಳ ಕಟ್ ಆಗದೆ ರಜೆ ಮಾತ್ರ ಖರ್ಚಾಗಿದ್ದರೂ ಅದು ನಷ್ಟವೇ, ಕೇಳಿ.

ಕಷ್ಟ ಇರುವುದು ದಿನಗೂಲಿಯವರಿಗೆ, ಗಾರೆ, ಮರಗೆಲಸದವರಿಗೆ, ಆಟೋದವರಿಗೆ, ಗಾಡಿ ವ್ಯಾಪಾರದವರಿಗೆ. "ನಂದೆಲ್ಲ ಕೈಗೆ ಬರೋ ದುಡ್ಡು ಸಾರ್, ದಾಖಲೆ ಎಲ್ಲಿಂದ ತರಲಿ?" ಅನ್ನುತ್ತಾರೆ. ಇಷ್ಟು ವರ್ಷ ಪುಸ್ತಕ ಬರೆದ ನಾನು ಒಂದು ಹೇಳುತ್ತೇನೆ: ನಿಮ್ಮ ಕೂಲಿ ನಿಮ್ಮ ಹತ್ತಿರ ಬರೆದಿಲ್ಲದಿದ್ದರೂ ಬೇರೆ ಯಾರದ್ದೋ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ಹುಡುಕಬೇಕು, ಅಷ್ಟೇ.

ತೋಟದ ಕೆಲಸದವರದ್ದು ಹಾಜರಿ ಪುಸ್ತಕದಲ್ಲಿ, ತೂಕದ ಪುಸ್ತಕದಲ್ಲಿ ಇರುತ್ತದೆ. ಹಾಲು ಹಾಕುವವರದ್ದು ಡೈರಿಯ ಪಾಸ್ ಪುಸ್ತಕದಲ್ಲಿ. ಹಾಸನ, ಚಿಕ್ಕಮಗಳೂರು ಕಡೆ ಹಾಲಿನ ಸೊಸೈಟಿಯ ಲೆಕ್ಕಕ್ಕಿಂತ ಗಟ್ಟಿ ದಾಖಲೆ ನಾನು ನೋಡಿಲ್ಲ. ದಿನಕ್ಕೆ ಎರಡು ಹೊತ್ತು, ಲೀಟರ್ ಸಮೇತ. ಕರೆಯುವ ಕೈಗೆ ಗಾಯವಾಗಿ ಹಾಲು ಕಡಿಮೆ ಬಿದ್ದರೆ ಅದೇ ಪುಸ್ತಕದಲ್ಲಿ ಕಾಣುತ್ತದೆ. ಗಾಡಿ ವ್ಯಾಪಾರದವರು ಫೋನ್‌ಪೇ, ಗೂಗಲ್‌ಪೇ ವಿವರವನ್ನು ಆರು ತಿಂಗಳಿಗೆ ತೆಗೆಸಿಕೊಳ್ಳಿ. ಗಾರೆಯವರಿಗೆ ಮೇಸ್ತ್ರಿಯ ಚೀಟಿ, ಮನೆ ಕಟ್ಟಿಸುವವರ ಪತ್ರ. ಸ್ವಸಹಾಯ ಸಂಘದಲ್ಲಿ ವಾರವಾರ ಕಟ್ಟುತ್ತಿದ್ದ ಕಂತು ಕೆಲಸ ತಪ್ಪಿದ ವಾರಗಳಲ್ಲಿ ನಿಂತಿದ್ದರೆ ಅದೂ ಒಂದು ಸಾಕ್ಷಿ.

ಏನೂ ಸಿಗದಿದ್ದರೂ ಕೈಚೆಲ್ಲಬೇಡಿ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರ ರಸ್ತೆ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಒಂದು ತೀರ್ಪು ಕೊಟ್ಟಿದೆ. ಅಸಂಘಟಿತ ವಲಯದಲ್ಲಿ ಸ್ವಂತ ದುಡಿಮೆ ಮಾಡುವವರು ಆದಾಯದ ದಾಖಲೆ ತರಬೇಕು ಅಂತ ನಿರೀಕ್ಷಿಸುವಂತಿಲ್ಲ ಅಂತ ಹೇಳಿ, ತಿಂಗಳಿಗೆ 6,500 ರೂಪಾಯಿ ಆದಾಯ ಹಿಡಿದು ಲೆಕ್ಕ ಹಾಕಿತು. ಅಪಘಾತ ನಡೆದದ್ದು 2008ರಲ್ಲಿ, ಆ ಕಾಲದ ಬೆಲೆ ಅದು. ಕೈಯಲ್ಲಿ ದಾಖಲೆ ಇಲ್ಲದಿದ್ದರೆ ಕಾರ್ಮಿಕ ಇಲಾಖೆ ನಿಮ್ಮ ಕಸುಬಿಗೆ ಹೊರಡಿಸಿರುವ ಕನಿಷ್ಠ ವೇತನದ ಆದೇಶವನ್ನಾದರೂ ಅರ್ಜಿಗೆ ಲಗತ್ತಿಸಿ. ಅದಕ್ಕಿಂತ ಕೆಳಗೆ ಇಳಿಸಲು ಯಾರಿಗೂ ಸುಲಭ ಅಲ್ಲ.

ಕಾಫಿ ಸೀಮೆಯವರು ಒಂದು ವಿಷಯ ಮರೆಯಬಾರದು. ಜೂನ್ ಮಳೆಯಲ್ಲಿ ಕೈಗೆ ಕಚ್ಚುವುದು ಬೇರೆ, ಡಿಸೆಂಬರ್‌ನಲ್ಲಿ ಕಚ್ಚುವುದು ಬೇರೆ. ಕುಯ್ಲಿನಲ್ಲಿ ಕೆಜಿ ಲೆಕ್ಕ. ಕೈ ಚುರುಕಿರುವವರು ಮಾಮೂಲಿ ಕೂಲಿಗಿಂತ ಎಷ್ಟೋ ಜಾಸ್ತಿ ದುಡಿಯುತ್ತಾರೆ. ಹಾಗಾಗಿ ವರ್ಷದ ಸರಾಸರಿ ಹಿಡಿದರೆ ನಿಮಗೆ ಮೋಸ. ಹೋದ ವರ್ಷ ಅದೇ ವಾರಗಳಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ಕೆಜಿ ಇತ್ತು ಅಂತ ರೈಟರ್ ಹತ್ತಿರ ಬರೆಸಿಕೊಳ್ಳಿ. ಈ ವರ್ಷ ನಿಮ್ಮ ಜೊತೆಯವರು ಎಷ್ಟು ಕುಯ್ದರು ಅನ್ನುವುದನ್ನೂ ಪಕ್ಕದಲ್ಲಿ ಹಾಕಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ದಿನಕ್ಕೆ 900 ರೂಪಾಯಿ ದುಡಿಯುವ ಮರಗೆಲಸದವರು ಅಂತ ಇಟ್ಟುಕೊಳ್ಳಿ. ಸೋಮವಾರ ಸಂಜೆ ಕೆಲಸ ಮುಗಿಸಿ ಬರುವಾಗ ಬಲಗೈಗೆ ಕಚ್ಚಿತು. ಡಾಕ್ಟರ್ ಮಂಗಳವಾರದಿಂದ 21 ದಿನ ಕೆಲಸ ಬೇಡ ಅಂದರು. ಅದರಲ್ಲಿ ಮೂರು ಭಾನುವಾರ ಕಳೆಯಿರಿ, 18 ದಿನ. 28ನೇ ದಿನದ ಸೂಜಿಗೆ ಇನ್ನೊಂದು ದಿನ ಹೋಯಿತು, 19. ಅಲ್ಲಿಗೆ 17,100 ರೂಪಾಯಿ. ಆಸ್ಪತ್ರೆಗೆ ಜೊತೆಗೆ ಬಂದು, ಮನೆಯಲ್ಲೂ ನೋಡಿಕೊಂಡ ಹೆಂಡತಿ ಆರು ದಿನ ಕೂಲಿ ಬಿಟ್ಟರು, ದಿನಕ್ಕೆ 450ರಂತೆ 2,700. ನಾಲ್ಕು ಸಲ ಸೂಜಿ, ಒಂದು ಸಲ ಡ್ರೆಸ್ಸಿಂಗ್, ಐದು ಸಲ ಬಸ್ಸು ಆಟೋ ಸೇರಿ 800. ಹೊರಗೆ ತಂದ ಔಷಧಿ 3,400. ಒಟ್ಟು 24,000.

ಭಾನುವಾರ ಯಾಕೆ ಕಳೆಯಬೇಕು ಅಂತ ಜಗಳ ಮಾಡಿದವರಿದ್ದಾರೆ. ನೀವು ಭಾನುವಾರ ಕೆಲಸ ಮಾಡುವವರಲ್ಲ ಅಂದರೆ ಅದು ನಷ್ಟ ಅಲ್ಲ ಅಲ್ವಾ? ಲೆಕ್ಕದಲ್ಲಿ ಒಂದು ಕಡೆ ಉಬ್ಬಿಸಿದ್ದು ಸಿಕ್ಕಿಬಿದ್ದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ಆಟೋದವರು ಡೀಸೆಲ್, ಗ್ಯಾಸ್ ಖರ್ಚು ಕಳೆದು ಕೈಗೆ ಉಳಿಯುವುದನ್ನೇ ಬರೆಯಿರಿ. ಆ ದಿನಗಳಲ್ಲಿ ಹಗುರ ಕೆಲಸ ಮಾಡಿ ಏನಾದರೂ ದುಡಿದಿದ್ದರೆ ಅದನ್ನೂ ಕಳೆಯಿರಿ. ನೋವಿಗೆ, ಸಂಕಟಕ್ಕೆ ಬೇರೆ ಮೊತ್ತ ಕೇಳುವ ಹಕ್ಕು ಇದೆ, ಅದನ್ನು ಕೂಲಿಯೊಳಗೆ ತುರುಕಬೇಡಿ.

ಬೆರಳಿನ ನರ ಹೋಗಿ ಹಿಡಿತ ತಪ್ಪಿದ್ದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ವೈದ್ಯಕೀಯ ಮಂಡಳಿಯಿಂದ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ. ಆ ಪತ್ರದ ಶೇಕಡಾವಾರು ಮತ್ತು ದುಡಿಮೆಯ ನಷ್ಟದ ಶೇಕಡಾವಾರು ಒಂದೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹೆಬ್ಬೆರಳು ಮಡಚದಿದ್ದರೆ ಮೇಷ್ಟರಿಗೆ ಆಗುವ ನಷ್ಟ ಬೇರೆ, ಉಳಿ ಹಿಡಿಯುವವರಿಗೆ ಬೇರೆ. ಇಂಥ ಪ್ರಕರಣಕ್ಕೆ ವಕೀಲರು ಬೇಕೇ ಬೇಕು.

ಐದನೇ ಹೆಜ್ಜೆ: ಯಾರ ಹತ್ತಿರ ಕೇಳಬೇಕು

*ಸಾಕುನಾಯಿಯ ಮಾಲೀಕರು.* ಮೊದಲು ಹೋಗಿ ಮಾತಾಡಿ. ನಮ್ಮ ಕಡೆ ಜಗಲಿಯ ಮೇಲೆ ಬಗೆಹರಿಯುವುದೇ ಹೆಚ್ಚು, ಅದರಲ್ಲಿ ತಪ್ಪೂ ಇಲ್ಲ. ಬಗೆಹರಿಯದಿದ್ದರೆ ಪತ್ರ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಮುಟ್ಟಿದ ದಾಖಲೆ ಇಟ್ಟುಕೊಳ್ಳಿ. ನಾನು ಬರೆಯುವುದು ಹೀಗೆ:

"ಇಂಥ ತಾರೀಖು ಸಂಜೆ 6.15ಕ್ಕೆ ಸಾರ್ವಜನಿಕ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ತಮ್ಮ ಸಾಕುನಾಯಿ ತೆರೆದ ಗೇಟಿನಿಂದ ಹೊರಬಂದು ನನ್ನ ಬಲಗೈಗೆ ಕಚ್ಚಿದೆ. ಇದರಿಂದ 19 ದಿನ ನನ್ನ ಕೆಲಸ ತಪ್ಪಿದೆ. ಕೂಲಿ, ಔಷಧಿ, ಓಡಾಟ ಸೇರಿ ಒಟ್ಟು 24,000 ರೂಪಾಯಿ ನಷ್ಟವಾಗಿದ್ದು, ವಿವರ ಮತ್ತು ಚೀಟಿಗಳ ಪ್ರತಿ ಲಗತ್ತಿಸಿದ್ದೇನೆ. ಈ ಪತ್ರ ಮುಟ್ಟಿದ 15 ದಿನದೊಳಗೆ ಈ ಹಣ ಕೊಡಬೇಕೆಂದು ಕೋರುತ್ತೇನೆ."

ಬೈಗುಳ ಬೇಡ, ಬೆದರಿಕೆ ಬೇಡ. ಅಸಲು ಚೀಟಿ ಯಾವತ್ತೂ ಕೈಬಿಡಬೇಡಿ. ಹೋಂಸ್ಟೇ ಅಥವಾ ರೆಸಾರ್ಟ್ ನಾಯಿಯಾದರೆ ಅವರ ಹತ್ತಿರ ಸಾರ್ವಜನಿಕ ಹೊಣೆಯ ವಿಮೆ ಇದೆಯಾ ಅಂತ ಕೇಳಿ. ಕೆಲವು ಸಾಕುಪ್ರಾಣಿ ವಿಮೆಗಳಲ್ಲೂ ಮೂರನೆಯವರಿಗೆ ಆದ ನಷ್ಟ ಕೊಡುವ ಭಾಗ ಇರುತ್ತದೆ. ಕೊಡುವುದು ವಿಮಾ ಕಂಪನಿ ಅಂತಾದರೆ ಮಾಲೀಕರ ಮುಖ ಸ್ವಲ್ಪ ಸಡಿಲವಾಗುತ್ತದೆ.

*ಬೀದಿನಾಯಿ.* ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸುವುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಪರಿಹಾರ ಗಾಯಕ್ಕೆ 5,000 ರೂಪಾಯಿ. ಅದರಲ್ಲಿ ಕಚ್ಚಿಸಿಕೊಂಡವರಿಗೆ 3,500, ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ 1,500. ಸಾವು ಸಂಭವಿಸಿದರೆ 5 ಲಕ್ಷ. ಮರಗೆಲಸದವರ ನಾಲ್ಕು ದಿನದ ಕೂಲಿಗೂ 3,500 ಸಾಲದು. ಆದರೂ ಅರ್ಜಿ ಹಾಕಿ. ಊರಿನ ಪೌರಾಯುಕ್ತರಿಗೋ ಮುಖ್ಯಾಧಿಕಾರಿಗೋ ಬರೆದು, ಆಸ್ಪತ್ರೆ ಚೀಟಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಇಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

"ಒಂದು ಹಲ್ಲಿಗೆ ಹತ್ತು ಸಾವಿರ" ಅಂತ ವಾಟ್ಸಾಪ್‌ನಲ್ಲಿ ಓಡಾಡುವುದನ್ನು ಹಿಡಿದುಕೊಂಡು ಬರುವವರು ತಿಂಗಳಿಗೊಬ್ಬರಾದರೂ ಇರುತ್ತಾರೆ. ಅದು ಸುಳ್ಳಲ್ಲ, 2023ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹೇಳಿದ್ದು. ಆದರೆ ಅದು ಆ ಭಾಗಕ್ಕೆ. ನಮ್ಮ ನಗರಸಭೆಯ ಮುಂದೆ ಹಲ್ಲು ಎಣಿಸಿ ತೋರಿಸಿದರೆ ಸುಮ್ನೆ ನಗುತ್ತಾರೆ. ವಕೀಲರು ವಾದದಲ್ಲಿ ಉಲ್ಲೇಖಿಸಬಹುದು, ಅಷ್ಟೇ.

ಪೂರ್ತಿ ನಷ್ಟ ಬೇಕಾದರೆ ಸ್ಥಳೀಯ ಸಂಸ್ಥೆಯ ನಿರ್ಲಕ್ಷ್ಯ ತೋರಿಸಬೇಕು. ಅದಕ್ಕೆ ಮಾಹಿತಿ ಹಕ್ಕು ಅರ್ಜಿ ಒಳ್ಳೆಯ ಆಯುಧ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಿಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ, ಹಿಂದಿನ ವರ್ಷ ಎಷ್ಟು ದೂರು ಬಂದಿದೆ, ಏನು ಕ್ರಮ ಆಯಿತು ಅಂತ ಕೇಳಿ.

*ಕೆಲಸದ ವೇಳೆ ಕಚ್ಚಿದ್ದರೆ.* ತೋಟದ ಕಾವಲು ನಾಯಿ ಕೆಲಸಗಾರರಿಗೆ ಕಚ್ಚಿದ್ದು, ಪಾರ್ಸೆಲ್ ಕೊಡಲು ಹೋದವರಿಗೆ ಕಚ್ಚಿದ್ದು, ಇವು ಕೆಲಸದ ಗಾಯ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಈ ಹಕ್ಕು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ತಿಂಗಳ ವೇತನದ ಕಾಲು ಭಾಗವನ್ನು ಅರ್ಧ ತಿಂಗಳಿಗೊಮ್ಮೆ ಮಾಲೀಕರು ಕೊಡಬೇಕು, ಅಂದರೆ ಹೆಚ್ಚುಕಮ್ಮಿ ಅರ್ಧ ಸಂಬಳ. ಮೊದಲ ಮೂರು ದಿನ ಲೆಕ್ಕಕ್ಕಿಲ್ಲ, ಆದರೆ 28 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ ಮೊದಲ ದಿನದಿಂದಲೇ ಸಿಗುತ್ತದೆ. ಹೊಸ ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸಕ್ಕೆ ಸಂಬಂಧ ಇದ್ದರೆ, ಸೇರುತ್ತದೆ. ಕಚ್ಚಿದ ಕೂಡಲೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಹಾಸನದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಂತೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರಿಗೆ ದಾರಿ ಇನ್ನೂ ನೇರ. ಕೆಲಸದ ಗಾಯವಾದರೆ ವೇತನದ ಶೇ. 90. ಸಂಜೆ ಮನೆ ಹತ್ತಿರ ಕಚ್ಚಿದ್ದಾದರೆ ಅನಾರೋಗ್ಯ ಸೌಲಭ್ಯದಲ್ಲಿ ಶೇ. 70, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಇಎಸ್‌ಐ ಡಾಕ್ಟರ್ ಕೊಡುವ ಸರ್ಟಿಫಿಕೇಟ್ ಬೇಕು.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಸುರಕ್ಷಾ ಬಿಮಾ ಯೋಜನೆ ಸಾವಿಗೆ, ಶಾಶ್ವತ ವೈಕಲ್ಯಕ್ಕೆ ಮಾತ್ರ. ತಪ್ಪಿದ ಕೂಲಿ ಅದರಲ್ಲಿ ಬರುವುದಿಲ್ಲ.

ಆರನೇ ಹೆಜ್ಜೆ: ರಾಜಿ, ಲೋಕ ಅದಾಲತ್, ದಾವೆ

ರಾಜಿಗೆ ಅವಸರ ಮಾಡಬೇಡಿ. ಎರಡನೇ ದಿನವೇ 3,000 ಕೈಗಿಟ್ಟು "ಇನ್ನು ಯಾವ ತಕರಾರೂ ಇಲ್ಲ" ಅಂತ ಸಹಿ ಮಾಡಿಸಿಕೊಳ್ಳುವವರಿದ್ದಾರೆ. ಕೊನೆಯ ಸೂಜಿ ಆಗುವವರೆಗೆ, ಗಾಯ ಮಾಯುವವರೆಗೆ ಪೂರ್ಣ ತೀರುವಳಿಗೆ ಸಹಿ ಬೇಡ. ಔಷಧಿಗೆ ಅಂತ ಮುಂಗಡ ಕೊಟ್ಟರೆ ತೆಗೆದುಕೊಳ್ಳಿ, "ಮುಂಗಡ" ಅಂತಲೇ ರಸೀದಿ ಬರೆಯಿರಿ.

ಪತ್ರಕ್ಕೆ ಉತ್ತರ ಬಾರದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕುಗಳಲ್ಲೂ ಸಮಿತಿಗಳಿವೆ. ಸಹಾಯವಾಣಿ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ವಕೀಲರು ಉಚಿತ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ಗೆ, ಅಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಜನತಾ ನ್ಯಾಯಾಲಯಕ್ಕೆ, ಅರ್ಜಿ ಕೊಡಬಹುದು, ಕೋರ್ಟ್ ಶುಲ್ಕ ಇಲ್ಲ. ಇಪ್ಪತ್ತು ಮೂವತ್ತು ಸಾವಿರದ ತಕರಾರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಸಿವಿಲ್ ದಾವೆ ಅಂದರೆ ವರ್ಷಗಟ್ಟಲೆ ಓಡಾಟ, ಪ್ರತಿ ತಾರೀಖಿಗೂ ಇನ್ನೊಂದು ದಿನದ ಕೂಲಿ ಹೋಗುತ್ತದೆ. ಶಾಶ್ವತ ಊನ ಆಗಿದ್ದರೆ ಮಾತ್ರ ಆ ದಾರಿ ಹಿಡಿಯಿರಿ ಅನ್ನುತ್ತೇನೆ. ಮಾಲೀಕರ ಮೇಲಿನ ದಾವೆಗೆ ಕಾಲಮಿತಿ ಮೂರು ವರ್ಷ. ಸ್ಥಳೀಯ ಸಂಸ್ಥೆಯ ಮೇಲಾದರೆ ಒಂದೇ ವರ್ಷ ಅನ್ನುವ ವಾದ ಬರುತ್ತದೆ, ಮೊದಲು ನೋಟಿಸ್ ಕೊಡುವ ಕಟ್ಟಳೆಯೂ ಇದೆ. ಹಾಗಾಗಿ ಎರಡು ಮೂರು ತಿಂಗಳೊಳಗೆ ವಕೀಲರನ್ನು ನೋಡಿ.

ಅದಾಲತ್‌ನಲ್ಲಿ ಒಪ್ಪಿಗೆಯಾದರೆ ಆ ಆದೇಶಕ್ಕೆ ಕೋರ್ಟ್ ಡಿಕ್ರಿಯ (ಅಂತಿಮ ತೀರ್ಪಿನ ಆದೇಶದ) ಬಲ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಅದಕ್ಕೇ ಸಹಿ ಹಾಕುವ ಮುನ್ನ ಓದಿಸಿ ಕೇಳಿ. ಕಂತಿನಲ್ಲಿ ಕೊಡುತ್ತೇನೆ ಅಂದರೆ ಪ್ರತಿ ಕಂತಿನ ತಾರೀಖು, ಮೊತ್ತ, ನಿಮ್ಮ ಬ್ಯಾಂಕ್ ಖಾತೆ ಸಂಖ್ಯೆ ಆದೇಶದಲ್ಲೇ ಬರಲಿ. ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕು ಅನ್ನುವ ಸಾಲನ್ನೂ ಸೇರಿಸಲು ಹೇಳಿ. ಆಗ ವಸೂಲಿಗೆ ಮತ್ತೆ ಮೊದಲಿನಿಂದ ಹೊಡೆದಾಡಬೇಕಿಲ್ಲ, ಅದೇ ಆದೇಶ ಹಿಡಿದು ಕೋರ್ಟಿಗೆ ಅಮಲ್ಜಾರಿ ಅರ್ಜಿ (ಆದೇಶ ಜಾರಿ ಮಾಡಿಸುವ ಅರ್ಜಿ) ಹಾಕಿದರೆ ಆಯಿತು.